ಗ್ಯಾರಡ್ ಮನೆಯ ಒಳಗೋಡೆ

ಟ್ರೆವರ್ ಗ್ಯಾರಡ್ ಹೋದ ಮಾರ್ಚಿನಲ್ಲಿ ತೀರಿಕೊಂಡ. ಅವನ ಹೆಂಡತಿ ಬೆರಿಲ್ ಅವನಿಗಿಂತ ಆರು ವರ್ಷ ಮೊದಲೇ ಹೋಗಿದ್ದಳು. ನಾನು ಬಾಯಿ ಮುಚ್ಚಿಕೊಂಡಿರಬೇಕಾದ ಕಾರಣವೂ ಅವರ ಜೊತೆಗೇ ಹೋಯಿತು. ಆದ್ದರಿಂದ ಈಗ ಹೇಳುತ್ತಿದ್ದೇನೆ.

ನನ್ನ ಹೆಸರು ಡೆನಿಸ್ ಪೆಟಿಟ್. ಸಫೊಕ್ ಸೀಮೆಯ ಈ ಸಣ್ಣ ಊರಿನಲ್ಲಿ ಮೂವತ್ತೆಂಟು ವರ್ಷದಿಂದ ಮನೆಗಳ ನಕ್ಷೆ ಬರೆದುಕೊಂಡು ಬದುಕಿದ್ದೇನೆ. ಹೊಸ ಮನೆಗಳ ಕೆಲಸ ನನಗೆ ಬರುವುದು ಕಡಿಮೆ. ನಮ್ಮ ಪೇಟೆಬೀದಿಯ ಎರಡೂ ಬದಿಯಲ್ಲಿ ನಾನೂರು, ಐನೂರು ವರ್ಷದ ಮರದ ಚೌಕಟ್ಟಿನ ಮನೆಗಳು ಕುಡಿದವರ ಹಾಗೆ ಒಂದರ ಹೆಗಲಿಗೆ ಇನ್ನೊಂದು ಒರಗಿ ನಿಂತಿವೆ. ಹೆಚ್ಚುಕಡಿಮೆ ಎಲ್ಲವೂ ಸರ್ಕಾರದ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿವೆ. ಪಟ್ಟಿಗೆ ಸೇರಿದ ಮನೆಯ ಒಳಗೆ ಒಂದು ಬಾಗಿಲನ್ನು ನಾಲ್ಕು ಬೆರಳು ಅಗಲ ಮಾಡಬೇಕಾದರೂ ಊರಿನ ಆಡಳಿತ ನೋಡುವ ಕೌನ್ಸಿಲ್ಲಿನ ಲಿಖಿತ ಒಪ್ಪಿಗೆ ಬೇಕು. ಕೇಳದೆ ಮಾಡಿದರೆ ಅದು ಬರೀ ತಪ್ಪಲ್ಲ, ಅಪರಾಧ, ಕೋರ್ಟಿನವರೆಗೆ ಎಳೆಯುತ್ತದೆ. ಆ ಒಪ್ಪಿಗೆಗೆ ಬೇಕಾದ ಅರ್ಜಿ, ನಕ್ಷೆ, ವಿವರಣೆ ತಯಾರಿಸಿಕೊಡುವುದೇ ನನ್ನ ಹೊಟ್ಟೆಪಾಡು.

ಟ್ರೆವರ್ ಗಾರೆ ಕೆಲಸದವನು. ಸಿಮೆಂಟಿನ ಗಾರೆಯಲ್ಲ, ಮೇಕೆಯ ಕೂದಲು ಕಲಸಿದ ಹಳೇ ಕಾಲದ ಸುಣ್ಣದ ಗಾರೆ. ಈ ಸುತ್ತಿನಲ್ಲಿ ಆ ಕೆಲಸ ಬಲ್ಲವರು ನಾಲ್ಕೈದು ಜನ. ಅವರಲ್ಲಿ ಇವನದೇ ಮೇಲುಗೈ. ಅವನು ಮೆತ್ತಿದ ಜಾಗ ಯಾವುದು, ಮುನ್ನೂರು ವರ್ಷದ ಹಿಂದೆ ಮೆತ್ತಿದ್ದು ಯಾವುದು ಎಂದು ಅವನೇ ಒಮ್ಮೊಮ್ಮೆ ಗುರುತು ಹಿಡಿಯುತ್ತಿರಲಿಲ್ಲ. ನಾನು ನಕ್ಷೆ ಬರೆದ ಮನೆಗಳಲ್ಲಿ ಅರ್ಧಕ್ಕೆ ಅವನೇ ಗಾರೆ ಮಾಡಿದ್ದ. ಸಂಜೆ ಪಬ್ಬಿನಲ್ಲಿ ನಾವಿಬ್ಬರೂ ಒಂದೇ ಮೇಜು.

ಬೆರಿಲ್ ಇಪ್ಪತ್ತೆರಡು ವರ್ಷ ಇಪ್ಸ್‌ವಿಚ್ ಪಟ್ಟಣಕ್ಕೆ ಹೋಗುವ ಬಸ್ಸು ಓಡಿಸಿದವಳು. ಅವಳ ಕೈಲಿ ಬೈಸಿಕೊಳ್ಳದೆ ಆ ಬಸ್ಸು ಹತ್ತಿಳಿದವರು ನಮ್ಮೂರಲ್ಲಿ ಯಾರೂ ಇರಲಿಲ್ಲ. ಅರವತ್ನಾಲ್ಕನೆಯ ವಯಸ್ಸಿನಲ್ಲಿ ಒಂದು ದಿನ ಗೇರು ಬದಲಿಸಲು ಹೋದರೆ ಎಡಗೈ ಏಳಲಿಲ್ಲ. ಆಸ್ಪತ್ರೆಯವರು ಐದಾರು ತಿಂಗಳು ನೋಡಿ ಹೇಳಿದರು: ನರಗಳು ಒಂದೊಂದಾಗಿ ಸಾಯುವ ಕಾಯಿಲೆ, ಮದ್ದಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಅವಳು ಗಾಲಿಕುರ್ಚಿಯಲ್ಲಿದ್ದಳು.

ಅವರ ಮನೆಯೂ ಆ ಪಟ್ಟಿಯಲ್ಲಿತ್ತು. ಬಚ್ಚಲು ಮಹಡಿಯಲ್ಲಿತ್ತು. ಮಹಡಿಗೆ ಹೋಗುವ ಮೆಟ್ಟಿಲು ಬಸವನ ಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡದ್ದು. ಗಟ್ಟಿಮುಟ್ಟಾದವನೇ ಪಕ್ಕಕ್ಕೆ ತಿರುಗಿ ಹತ್ತಬೇಕು. ಕೆಳಗೆ ಬೀದಿಬದಿಯ ಕೋಣೆ, ಅದರ ಹಿಂದೆ ಪಾತ್ರೆ ತೊಳೆಯುವ ಹಳೇ ಕೋಣೆ. ಹಿಂದಿನ ಕೋಣೆಯಲ್ಲಿ ನೀರಿತ್ತು, ಮೋರಿಯಿತ್ತು, ಸ್ನಾನಕ್ಕೆ ಶೌಚಕ್ಕೆ ಹೇಳಿ ಮಾಡಿಸಿದ ಜಾಗ. ಆದರೆ ಎರಡರ ನಡುವಿನ ಬಾಗಿಲು ಇಪ್ಪತ್ತೆರಡೇ ಅಂಗುಲ. ಕುರ್ಚಿ ಇಪ್ಪತ್ತಾರು. ಒಂದು ಓಕ್ ಮರದ ಕಂಬ ಕೊಯ್ದು, ಅದರ ಪಕ್ಕದ ಕಡ್ಡಿ ಹೆಣೆದ ಮಣ್ಣಿನ ಗೋಡೆಯನ್ನು ಒಂದಷ್ಟು ತೆಗೆದರೆ ಮುಗಿಯಿತು. ಟ್ರೆವರ್‌ಗೆ ಎರಡು ದಿನದ ಕೆಲಸ.

"ಎರಡು ದಿನದ ಕೆಲಸಕ್ಕೆ ಎಂಟು ವಾರದ ಅರ್ಜಿ," ಅಂದ ಅವನು, ನಾನು ಅಳತೆಪಟ್ಟಿ ಹಿಡಿದು ನಿಂತಿದ್ದಾಗ.

"ಎಂಟು ವಾರ ಅಂತ ಕಾಗದದಲ್ಲಿದೆ. ಬೇಗ ಮಾಡಿಸ್ತೀನಿ ಬಿಡು," ಅಂದೆ.

ಅರ್ಜಿಯ ಜೊತೆ ಒಂದು ವಿವರಣೆ ಇಡಬೇಕು. ಈ ಕಟ್ಟಡ ಯಾಕೆ ಮುಖ್ಯ, ಮಾಡಹೊರಟ ಬದಲಾವಣೆಯಿಂದ ಅದಕ್ಕೆ ಎಷ್ಟು ಹಾನಿ, ಆ ಹಾನಿಯನ್ನು ಯಾಕೆ ಸಹಿಸಬೇಕು. ಮೂರನೆಯ ಪ್ರಶ್ನೆಗೆ ನಾನು ಬೆರಿಲ್‌ಳ ಕಾಯಿಲೆಯನ್ನು ಬರೆಯಬೇಕಾಗಿತ್ತು. ಬರೆದು ಅವಳಿಗೇ ಓದಿ ಹೇಳಿದೆ. ಆಗಲೇ ಅವಳ ಮಾತು ತೊದಲುತ್ತಿತ್ತು.

"ನಾನು ಇಷ್ಟೊಂದು ಹಾಳಾಗಿದೀನಾ ಮಾರಾಯ? ಮನೆಗಿಂತ ನಂದೇ ರಿಪೇರಿ ಜಾಸ್ತಿ ಇದೆಯಲ್ಲೋ," ಅಂದಳು.

ಸೆಪ್ಟೆಂಬರ್ ಮೊದಲ ವಾರ ಅರ್ಜಿ ಹೋಯಿತು. ಕೌನ್ಸಿಲ್ಲಿನವರು ಬಂದು ಮನೆಯೆದುರಿನ ದೀಪದ ಕಂಬಕ್ಕೆ ಹಳದಿ ನೋಟೀಸು ಕಟ್ಟಿದರು. ಕೆಳಗಿನ ಕೋಣೆಯಲ್ಲಿ ಶೌಚ ಮತ್ತು ಸ್ನಾನದ ವ್ಯವಸ್ಥೆ, ಆಕ್ಷೇಪಣೆಯಿದ್ದವರು ತಿಳಿಸತಕ್ಕದ್ದು. ಬ್ರೆಡ್ ತರಲು ಹೋದವರೆಲ್ಲ ನಿಂತು ಓದಿದರು. ಬೆರಿಲ್ ಕಿಟಕಿಯಿಂದ ಅವರನ್ನು ನೋಡುತ್ತಿದ್ದಳು.

"ನಾನು ಸ್ನಾನ ಮಾಡೋದು ಯಾರಿಗಾದ್ರೂ ಇಷ್ಟ ಇಲ್ದಿದ್ರೆ ಇಪ್ಪತ್ತೊಂದು ದಿನದೊಳಗೆ ಹೇಳ್ಬೇಕಂತೆ," ಅಂತ ಬಂದವರಿಗೆಲ್ಲ ಹೇಳಿದಳು. ಅವರು ನಕ್ಕರು. ಟ್ರೆವರ್ ನಗಲಿಲ್ಲ. ದಿನಾ ಬೆಳಿಗ್ಗೆ ಬೋಗುಣಿಯಲ್ಲಿ ಬಿಸಿನೀರು ತಂದು ಅವಳ ಮೈ ಒರೆಸುವವನು ಅವನು. ಕೋಣೆಯ ಮೂಲೆಯಲ್ಲಿ ಪರದೆ ಕಟ್ಟಿ, ಅದರ ಹಿಂದೆ ಕಮೋಡು ಕುರ್ಚಿ ಇಟ್ಟಿದ್ದ. ಯಾರಾದರೂ ಬಾಗಿಲು ತಟ್ಟಿದರೆ ಮೊದಲು ಪರದೆ ಎಳೆಯುತ್ತಿದ್ದ, ಆಮೇಲೆ ಚಿಲಕ ತೆಗೆಯುತ್ತಿದ್ದ.

ಕೌನ್ಸಿಲ್ಲಿನ ಸಂರಕ್ಷಣಾ ಅಧಿಕಾರಿ ಮಿಸ್ ಥರ್ಲೋ ಬಂದಳು. ಮೂವತ್ತು ದಾಟಿರಲಿಲ್ಲ. ಗೋಡೆ ನೋಡಿದಳು, ಕಂಬಕ್ಕೆ ಬೆರಳ ಗೆಣ್ಣಿನಿಂದ ತಟ್ಟಿದಳು, ಬೆರಿಲ್ ಪಕ್ಕದಲ್ಲಿ ಕುಳಿತು ಅವಳ ಟೀ ಬಟ್ಟಲನ್ನು ಹಿಡಿದು ಕುಡಿಸಿದಳು.

"ನನ್ನ ಪ್ರಕಾರ ಇದಕ್ಕೆ ಒಪ್ಪಿಗೆ ಸಿಗುತ್ತೆ, ಮಿಸ್ಟರ್ ಗ್ಯಾರಡ್. ಆ ಕಂಬ ಮೂಲದ್ದೋ ಆಮೇಲೆ ಹಾಕಿದ್ದೋ ಅನ್ನೋದು ಮಾತ್ರ ಕಡತದಲ್ಲಿ ಇರ್ಬೇಕು. ಒಂದು ಅಡಿ ಚೌಕದಷ್ಟು ಗಾರೆ ತೆಗೆದು ಫೋಟೋ ಕಳಿಸ್ತೀರಾ? ನೀವೇ ತೆಗೀರಿ. ನಿಮ್ಮ ಕೈ ನಮಗೆ ಗೊತ್ತಿದೆ," ಅಂದಳು.

ಮರುದಿನ ಟ್ರೆವರ್ ಕರಣೆ ತೆಗೆದುಕೊಂಡ. ನಾನು ಕ್ಯಾಮೆರಾ ಹಿಡಿದು ನಿಂತೆ. ಬೆರಿಲ್ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಮೇಲಿನ ಪದರ ಬಿತ್ತು. ಅದರ ಕೆಳಗೆ ಒಂದರ ಮೇಲೊಂದು ಸುಣ್ಣ ಬಳಿದ ಪದರಗಳು ಹಪ್ಪಳದಂತೆ ಎದ್ದು ಬಂದವು. ಟ್ರೆವರ್ ಕೈ ನಿಂತಿತು. ಕರಣೆ ಕೆಳಗಿಟ್ಟು, ಬೆರಳಿನಿಂದ ಮೆಲ್ಲಗೆ ಉಜ್ಜಿದ. ಕಪ್ಪು ಹಸಿರಿನ ಎಲೆಯೊಂದು ಕಂಡಿತು. ಇನ್ನೂ ಉಜ್ಜಿದ. ಬಳ್ಳಿ, ಕೆಂಪು ಹಣ್ಣು, ಅದರ ಕೆಳಗೆ ಒಂದು ಬೇಟೆನಾಯಿ. ನಾಯಿಯ ಮೈ ನಾಯಿಯದೇ, ಮುಖ ಮಾತ್ರ ಮನುಷ್ಯನದರ ಹಾಗೆ. ಬರೆದವನಿಗೆ ನಾಯಿಯ ಮುಖ ಬರುತ್ತಿರಲಿಲ್ಲವೆಂದು ಕಾಣುತ್ತದೆ.

"ನಮ್ಮ ಡಿಪೋ ಇನ್ಸ್‌ಪೆಕ್ಟರ್!" ಅಂದಳು ಬೆರಿಲ್.

ನಾವು ಮೂವರೂ ನಕ್ಕೆವು. ಆದರೆ ಇದರ ಅರ್ಥವೇನೆಂದು ಟ್ರೆವರ್‌ಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಳಗೋಡೆಯ ಮೇಲೆ ನಾನೂರು ವರ್ಷದ ಚಿತ್ರ ಅಂದರೆ ಇನ್ನು ಕಂಬದ ಮಾತೇ ಇಲ್ಲ. ರಾಜಧಾನಿಯಿಂದ ತಜ್ಞರು ಬರಬೇಕು, ರಾಷ್ಟ್ರಮಟ್ಟದ ಸಂಸ್ಥೆಯ ಅಭಿಪ್ರಾಯ ಬರಬೇಕು, ಗೋಡೆಯಿಡೀ ಬಿಡಿಸಿ ನೋಡಬೇಕು. ಕೊನೆಗೆ ಬರುವ ಉತ್ತರ ಇಲ್ಲ ಎಂದೇ.

ಟ್ರೆವರ್ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದ.

"ಇದು ನಾಳೆ ಸಂಜೆಯಾಗೋ ಅಷ್ಟರಲ್ಲಿ ಬರೀ ಗೋಡೆ," ಅಂದ. "ನಾನು ಮುಚ್ಚಿದ್ದನ್ನ ಯಾವನೂ ಕಂಡುಹಿಡಿಯಲ್ಲ. ಕೆಳಗಡೆ ಮೂಲೇಲಿ ಒಂದಡಿ ತೆಗೆದು, ಅದರ ಫೋಟೋ ಕಳಿಸು. ಒಪ್ಪಿಗೆ ಬಂದ ದಿನ ನಾನೇ ಒಡೀತೀನಿ, ನಾನೇ ಗುಡಿಸಿ ಹಾಕ್ತೀನಿ. ನೀನು ಏನೂ ನೋಡಿಲ್ಲ."

ಅಲ್ಲಿಯವರೆಗೆ ನಾನು ಅಂಥ ಮಾತಿಗೆ ಒಪ್ಪಿದವನಲ್ಲ. ಬೇರೆ ಯಾರಾದರೂ ಕೇಳಿದ್ದರೆ ಕಡತ ಮುಚ್ಚಿಕೊಂಡು ಎದ್ದು ಬರುತ್ತಿದ್ದೆ. ಆದರೆ ಬೆಳಿಗ್ಗೆ ನಾನು ಬಾಗಿಲು ತಟ್ಟಿದಾಗ ಅವನು ಪರದೆ ಎಳೆದ ಸದ್ದು ನನ್ನ ಕಿವಿಯಲ್ಲಿತ್ತು.

"ನಾನೇನೂ ನೋಡಿಲ್ಲ," ಅಂದೆ. ಅವನು ನನ್ನ ಕೈ ಹಿಡಿದ. ಅವನ ಅಂಗೈ ಸುಣ್ಣಕ್ಕೆ ಸುಟ್ಟು ಸುಟ್ಟು ಮರದ ತೊಗಟೆಯಾಗಿತ್ತು.

ಆ ಮಧ್ಯಾಹ್ನ ಅವನು ಔಷಧಿ ತರಲು ಪೇಟೆಗೆ ಹೋದ. ನಾನು ಬೆರಿಲ್ ಜೊತೆ ಕೂತಿದ್ದೆ. ಅವಳು ಗೋಡೆಯನ್ನು ನೋಡುತ್ತಲೇ ಹೇಳಿದಳು, "ಡೆನಿಸ್, ಆ ಹುಡುಗಿಗೆ ಫೋನ್ ಮಾಡು. ಇದನ್ನ ಹೇಳು."

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅಂದುಕೊಂಡೆ. ಅವಳು ಇನ್ನೊಮ್ಮೆ ಹೇಳಿದಳು. ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳಬೇಕಾಗಿತ್ತು.

"ಹುಚ್ಚಾ ನಿಂಗೆ? ಹೇಳಿದ್ರೆ ಆ ಬಾಗಿಲು ಆಗಲ್ಲ ಬೆರಿಲ್. ನಿನಗೆ ಬಚ್ಚಲು ಸಿಗಲ್ಲ."

"ನಾನು ಮುಂದಿನ ಬೇಸಿಗೆ ನೋಡಲ್ಲ ಕಣೋ. ಡಾಕ್ಟರ್ ಹೇಳಿದಾರೆ. ಟ್ರೆವರ್ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ನಾನು ಹೋದ್ಮೇಲೆ ಅವನು ಈ ಮನೇಲಿ ಇರ್ತಾನಾ? ಮಾರ್ತಾನೆ. ಎರಡು ಪೈಂಟ್ ಬಿಯರ್ ಒಳಗೆ ಹೋದ್ರೆ ಅವನ ಬಾಯಿ ನಿಲ್ಲಲ್ಲ, ನಿನಗೇ ಗೊತ್ತು. ಒಂದಿನ ಪಬ್ಬಲ್ಲಿ ಹೇಳೇ ಹೇಳ್ತಾನೆ. ನಾನೂರು ವರ್ಷದ ಚಿತ್ರ ಒಡೆದು ಹಾಕ್ದೆ, ಯಾವನಿಗೂ ಗೊತ್ತಾಗ್ಲಿಲ್ಲ ಅಂತ. ಆಮೇಲೆ ಎಪ್ಪತ್ತನೇ ವಯಸ್ಸಲ್ಲಿ ಕೋರ್ಟಲ್ಲಿ ನಿಂತ್ಕೋಬೇಕು. ಅವನ ಹೆಸರು ಪೇಪರಲ್ಲಿ. ಪಕ್ಕದಲ್ಲಿ ನಾನಿರಲ್ಲ."

"ಇದನ್ನೇ ಅವನಿಗೆ ಹೇಳು ಹಾಗಾದ್ರೆ. ನೀನು ಹೇಳಿದ್ರೆ ಕೇಳ್ತಾನೆ."

"ಕೇಳ್ತಾನೆ. ಸಿಟ್ಟೂ ಮಾಡ್ಕೋತಾನೆ. ಅವನ ತಮ್ಮನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ ಆಯ್ತು. ಅವನ ಸಿಟ್ಟು ಇಳಿಯೋವರೆಗೂ ಕಾಯೋಕೆ ನನ್ನ ಹತ್ರ ಟೈಮಿಲ್ಲ ಡೆನಿಸ್. ನಿನ್ನ ಹತ್ರ ಇದೆ. ನೀನೇ ಹೇಳ್ದೆ ಅನ್ನು. ನಿನ್ನ ಮೇಲೇ ಆಗ್ಲಿ ಸಿಟ್ಟು."

ನಾನು ಆಗುವುದಿಲ್ಲವೆಂದೆ. ಅವಳು ಬೇಡಿಕೊಳ್ಳಲಿಲ್ಲ, ಬಸ್ಸಿನಲ್ಲಿ ಚೇಷ್ಟೆ ಮಾಡಿದವರನ್ನು ನೋಡುತ್ತಿದ್ದ ಹಾಗೆಯೇ ನನ್ನನ್ನು ನೋಡಿದಳು. ಆಮೇಲೆ ಎಡಗಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಅವಳ ಕೈ ಏಳುತ್ತಿರಲಿಲ್ಲ. ನಾನು ಕರವಸ್ತ್ರ ತೆಗೆದು ಒರೆಸಿದೆ.

"ಅವನಿಗೆ ಯಾವತ್ತೂ ಹೇಳ್ಬೇಡ. ನಾನು ಸತ್ತ ಮೇಲೂ," ಅಂದಳು.

"ಆಯ್ತು," ಅಂದೆ.

ಮನೆಗೆ ಹೋಗಿ ಮಿಸ್ ಥರ್ಲೋಗೆ ಫೋನ್ ಮಾಡಿದೆ. ಮರುದಿನ ಬೆಳಿಗ್ಗೆ ಎಂಟಕ್ಕೆ ಟ್ರೆವರ್ ಹಿತ್ತಲಿನಲ್ಲಿ ಬಕೆಟಿನಲ್ಲಿ ಸುಣ್ಣ ಕಲಸುತ್ತಿದ್ದಾಗ ಅವನ ಮುಂದೆ ಹೋಗಿ ನಿಂತೆ.

"ಟ್ರೆವರ್, ಅದನ್ನ ಮುಚ್ಚಬೇಡ. ನಾನು ಕೌನ್ಸಿಲ್ಲಿಗೆ ಹೇಳ್ಬಿಟ್ಟೆ."

ಅವನು ಕಲಸುತ್ತಲೇ ಇದ್ದ. "ತಮಾಷೆ ಮಾಡ್ತಿದೀಯಾ?" ಅಂದ.

"ಇಲ್ಲ. ನಿದ್ದೆ ಬರ್ಲಿಲ್ಲ. ಇದು ನನ್ನ ಕೆಲಸ, ನನ್ನ ಹೆಸರು..."

"ನಿನ್ನ ಹೆಸರು." ಅವನು ನೆಟ್ಟಗಾದ. "ಅವಳು ಒಳಗಡೆ ಒಂದು ಪರದೆ ಹಿಂದೆ ಕೂತ್ಕೋತಾಳೆ, ಗೊತ್ತಲ್ಲ ನಿನಗೆ? ಬಂದವರು ಮೂಗಿನ ಮೇಲೆ ಕೈ ಇಟ್ಕೋತಾರೆ, ಇಟ್ಕೊಂಡಿಲ್ಲ ಅನ್ನೋ ಥರ ತೆಗೀತಾರೆ. ಇಪ್ಪತ್ತೆರಡು ವರ್ಷ ಊರನ್ನ ಹೊತ್ತು ತಿರುಗಿದವಳು ಅವಳು. ಕೈ ಹಿಡಿದು ಮಾತು ಕೊಟ್ಟೆಯಲ್ಲೋ ನೆನ್ನೆ. ನಿನಗೆ ನಿನ್ನ ಹೆಸರು!"

ನಾನು ಏನೋ ಹೇಳಲು ಬಾಯಿ ತೆರೆದೆ. ಅವನು ಬಕೆಟನ್ನು ಒದ್ದ. ಸುಣ್ಣ ನನ್ನ ಬೂಟಿನ ಮೇಲೆಲ್ಲ ಹರಿಯಿತು.

"ಹೋಗು. ಈ ಮನೆ ಹೊಸ್ತಿಲು ಇನ್ನು ತುಳಿಯಬೇಡ."

ಹಿಂದಿನ ಕೋಣೆಯ ಕಿಟಕಿ ತೆರೆದೇ ಇತ್ತು. ಬೆರಿಲ್‌ಗೆ ಅದೆಲ್ಲ ಕೇಳಿಸಿರಬೇಕು. ನಾನು ತಿರುಗಿ ನೋಡದೆ ಬಂದುಬಿಟ್ಟೆ.

ಅಲ್ಲಿಂದ ಮುಂದಿನದನ್ನು ನಾನು ಕಣ್ಣಾರೆ ಕಂಡದ್ದಕ್ಕಿಂತ ಕೇಳಿ ತಿಳಿದದ್ದೇ ಹೆಚ್ಚು. ಮಿಸ್ ಥರ್ಲೋ ಆವತ್ತೇ ಬಂದಳು. ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದಳಂತೆ. ಸಂಜೆ ನನ್ನ ಆಫೀಸಿಗೆ ಬಂದವಳು ಕೋಟನ್ನೂ ತೆಗೆಯದೆ ಕುರ್ಚಿಯಲ್ಲಿ ಕುಳಿತಳು.

"ಇಂಥದ್ದು ಸಿಕ್ಕಿದ್ರೆ ಖುಷಿಪಡೋಕೇ ನಾನು ಈ ಕೆಲಸಕ್ಕೆ ಸೇರಿದ್ದು, ಮಿಸ್ಟರ್ ಪೆಟಿಟ್," ಅಂದಳು. "ಇದು ಇಲ್ಲಿ ಸಿಗಬಾರದಿತ್ತು. ಈಗ ಸಿಗಬಾರದಿತ್ತು."

ತಜ್ಞರು ಬರಲು ಐದು ವಾರ ಹಿಡಿಯಿತು. ಇಬ್ಬರು ಬಂದರು, ದೀಪ ಹಿಡಿದು ಮೂರು ದಿನ ಗೋಡೆ ಕೆರೆದರು. ಆ ಮೂರು ದಿನ ಬೆರಿಲ್‌ಳ ಮಂಚವನ್ನು ಬೀದಿಬದಿಯ ಕಿಟಕಿಗೆ ತಳ್ಳಿದ್ದರು. ಬಾಗಿಲಿನ ಎರಡೂ ಕಡೆ ಚಿತ್ರ ಹಬ್ಬಿತ್ತು. ಕಂಬವನ್ನು ಮುಟ್ಟುವ ಹಾಗಿಲ್ಲವೆಂದು ವರದಿ ಬಂತು. ಅರ್ಜಿ ತಿರಸ್ಕೃತವಾಯಿತು.

ಮಿಸ್ ಥರ್ಲೋ ಸುಮ್ಮನಿರಲಿಲ್ಲ. ಪಕ್ಕದಲ್ಲಿದ್ದ ದವಸದ ಕೋಣೆಯ ಕಡೆಯಿಂದ ಸುತ್ತಿಕೊಂಡು ಹಿಂದಿನ ಕೋಣೆಗೆ ಹೋಗಬಹುದಲ್ಲ ಎಂದು ಅವಳೇ ದಾರಿ ತೋರಿಸಿದಳು. ಅಲ್ಲಿನ ಗೋಡೆ ನೂರು ವರ್ಷದ್ದೂ ಅಲ್ಲ, ಒಡೆಯಬಹುದು. ನೆಲದ ಇಟ್ಟಿಗೆ ಎತ್ತಿ ಒಂದು ಇಳಿಜಾರು ಮಾಡಬೇಕು. ಅದಕ್ಕೆ ಮತ್ತೆ ಹೊಸ ಅರ್ಜಿ, ಮತ್ತೆ ಹೊಸ ನಕ್ಷೆ. ನನ್ನ ಹಳೆಯ ಅಳತೆಗಳಿದ್ದವು. ಎರಡು ದಿನ ಕೂತು ಬರೆದೆ. ಟ್ರೆವರ್‌ನ ಸಹಿ ಬೇಕಿತ್ತು. ಅವಳೇ ತೆಗೆದುಕೊಂಡು ಹೋದಳು. ಬರೆದವರು ಯಾರೆಂದು ನೋಡದೆ ಸಹಿ ಹಾಕಿದನಂತೆ, ಅಥವಾ ನೋಡಿಯೂ ಹಾಕಿದನೋ. ದೀಪದ ಕಂಬಕ್ಕೆ ಮತ್ತೊಂದು ಹಳದಿ ನೋಟೀಸು ಬಂತು. ಡಿಸೆಂಬರಿನ ಮಳೆಗೆ ಅದರ ಶಾಯಿ ಇಳಿದು ಎರಡೇ ದಿನದಲ್ಲಿ ಓದಲು ಬಾರದಂತಾಯಿತು.

ಅವರ ಮನೆಗೆ ಹೋಗುತ್ತಿದ್ದ ನರ್ಸ್ ಒಮ್ಮೆ ಮಾಂಸದ ಅಂಗಡಿಯಲ್ಲಿ ಸಿಕ್ಕಳು. ಟ್ರೆವರ್ ಆ ಚಿತ್ರದ ಮೇಲೆ ಹಾಸಿಗೆಯ ಚಾದರ ಮೊಳೆ ಹೊಡೆದು ಕಟ್ಟಿದ್ದಾನೆ, ಬೆರಿಲ್ ಕಣ್ಣಿಗೆ ಅದು ಬೀಳಬಾರದಂತೆ, ಅಂದಳು. ಬೆರಿಲ್‌ಗೆ ಆಗ ಮಾತು ಪೂರ್ತಿ ನಿಂತಿತ್ತು. ಅಕ್ಷರದ ಹಲಗೆಯ ಕಡೆ ಕಣ್ಣು ಹೊರಳಿಸಿ ಹೇಳುತ್ತಿದ್ದಳು.

"ನನ್ನ ವಿಷಯ ಏನಾದ್ರೂ ಕೇಳಿದಳಾ?" ಅಂದೆ.

"ನಿಮ್ಮ ಹೆಸರು ಆ ಮನೇಲಿ ಎತ್ತೋ ಹಾಗಿಲ್ಲ, ಮಿಸ್ಟರ್ ಪೆಟಿಟ್," ಅಂದಳು ನರ್ಸ್. ಅವಳ ದನಿಯಲ್ಲೂ ನನ್ನ ಬಗ್ಗೆ ಒಳ್ಳೆಯದೇನೂ ಇರಲಿಲ್ಲ. ಊರಿನಲ್ಲಿ ಹಲವರಿಗೆ ಹಾಗೇ ಇತ್ತು. ಪಬ್ಬಿನಲ್ಲಿ ನಾನು ಮೇಜು ಬದಲಿಸಿದೆ, ಆಮೇಲೆ ಹೋಗುವುದನ್ನೇ ಬಿಟ್ಟೆ. ನನ್ನ ಹೆಂಡತಿ ಒಂದು ದಿನ ಊಟದ ನಡುವೆ ಕೇಳಿದಳು, "ಒಂದು ಸಲ ಕಣ್ಣು ಮುಚ್ಚಿಕೊಂಡಿದ್ರೆ ಏನು ಗಂಟು ಹೋಗ್ತಿತ್ತು ನಿಂದು?" ಅವಳಿಗೂ ನಾನು ಹೇಳಿರಲಿಲ್ಲ. ಬಟಾಣಿ ಹಾಕಿಕೊಂಡು ಉಂಡೆ.

ಫೆಬ್ರವರಿ ಆರಂಭದಲ್ಲಿ ಬೆರಿಲ್‌ಗೆ ಎದೆ ಕಟ್ಟಿತು. ಆಂಬುಲೆನ್ಸಿನವರು ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾಲ್ಕನೆಯ ದಿನ ಹೋದಳು.

ಒಪ್ಪಿಗೆಯ ಪತ್ರ ಅದರ ಮರುದಿನ ನನ್ನ ಆಫೀಸಿಗೆ ಬಂತು. ಅರ್ಜಿದಾರರ ಪರವಾಗಿ ನನ್ನ ವಿಳಾಸವಿತ್ತಲ್ಲ. ಕೆಲಸವನ್ನು ಮೂರು ವರ್ಷದೊಳಗೆ ಶುರು ಮಾಡತಕ್ಕದ್ದು, ಎತ್ತಿದ ಇಟ್ಟಿಗೆಗಳನ್ನು ಜೋಪಾನವಾಗಿ ಇಡತಕ್ಕದ್ದು. ಅದನ್ನು ಅವನಿಗೆ ಕಳಿಸುವುದು ನನ್ನ ಕರ್ತವ್ಯ. ಲಕೋಟೆಗೆ ಹಾಕಿ, ವಿಳಾಸ ಬರೆದೆ. ಕಳಿಸಲು ಕೈ ಬರಲಿಲ್ಲ.

ಅಂತ್ಯಕ್ರಿಯೆಗೆ ಹೋದೆ. ಚರ್ಚಿನ ಕೊನೆಯ ಸಾಲಿನಲ್ಲಿ ನಿಂತೆ. ತೆರೆದ ಬಾಗಿಲಿನಾಚೆ ಹನ್ನೊಂದು ಗಂಟೆಯ ಇಪ್ಸ್‌ವಿಚ್ ಬಸ್ಸು ಚರ್ಚಿನ ಮುಂದೆ ನಿಂತಿತು. ಚಾಲಕ ಇಳಿದು, ಟೋಪಿ ತೆಗೆದು, ಶವಪೆಟ್ಟಿಗೆ ಒಳಗೆ ಹೋಗುವವರೆಗೆ ತಲೆ ಬಗ್ಗಿಸಿ ನಿಂತ. ಪ್ರಯಾಣಿಕರು ಒಬ್ಬರೂ ಗೊಣಗಲಿಲ್ಲ. ಪೆಟ್ಟಿಗೆಯ ಹಿಂದೆ ಬಂದ ಟ್ರೆವರ್ ನನ್ನ ಸಾಲಿನ ಹತ್ತಿರ ಬಂದಾಗ ನಿಂತ. ಮುಖಕ್ಕೆ ಉಗುಳುತ್ತಾನೆ ಅಂದುಕೊಂಡೆ. ಉಗುಳಲಿಲ್ಲ. ನಾನಲ್ಲಿ ಇಲ್ಲವೇ ಇಲ್ಲವೆಂಬಂತೆ ನೋಡಿ ಮುಂದೆ ಹೋದ.

ಒಂದೂವರೆ ವರ್ಷ ಕಳೆದ ಮೇಲೆ, ಒಂದು ಮಂಗಳವಾರ ಮಧ್ಯಾಹ್ನ, ಅವನೇ ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದ. ತುಂಬ ಇಳಿದುಹೋಗಿದ್ದ. ಅಂಗಿಯ ಕಾಲರಿನಲ್ಲಿ ಇನ್ನೊಂದು ಕುತ್ತಿಗೆ ಹಿಡಿಸುವಷ್ಟು ಜಾಗವಿತ್ತು.

"ಮನೆ ಮಾರ್ತಾ ಇದೀನಿ. ಲೋವ್‌ಸ್ಟಾಫ್ಟಿನಲ್ಲಿ ಅಕ್ಕ ಇದಾಳೆ, ಅಲ್ಲಿಗೆ ಹೋಗ್ತೀನಿ," ಅಂದ, ನಿಂತುಕೊಂಡೇ. "ಕೊಳ್ಳೋರ ವಕೀಲ ಎಲ್ಲ ಕಾಗದ ಕೇಳ್ತಿದಾನೆ. ನಿನ್ನ ಹತ್ರ ಇದೆಯಂತೆ."

ಕಡತ ತೆಗೆದುಕೊಟ್ಟೆ. ಟೀ ಮಾಡಲಾ ಅಂದೆ; ಬೇಡ ಅಂದ. ಕಾಗದಗಳನ್ನು ಒಂದೊಂದಾಗಿ ತಿರುಗಿಸಿದ. ಕಳಿಸದೆ ಇಟ್ಟಿದ್ದ ಲಕೋಟೆ ಬಂತು. ಒಡೆದು ಓದಿದ, ತಾರೀಖಿನ ಮೇಲೆ ಬೆರಳಿಟ್ಟ.

"ಅವಳು ಹೋದ ಮರುದಿನ," ಅಂದ.

"ಹೌದು."

"ಆ ವಕೀಲ ಹೇಳ್ತಾನೆ, ಎಲ್ಲ ಕಾನೂನು ಪ್ರಕಾರ ಇದೆ ಅಂತ. ಚಿತ್ರ ಇರೋದು ಒಳ್ಳೆಯದೇ ಆಯ್ತಂತೆ. ಮುಚ್ಚಿಟ್ಟು ಆಮೇಲೆ ಗೊತ್ತಾಗಿದ್ರೆ ನಾನು ಜೈಲಿಗೂ ಹೋಗ್ತಿದ್ದೆನಂತೆ. ನಿಮ್ಮ ನಕ್ಷೆಯವರು ಪುಣ್ಯಾತ್ಮರು ಅಂದ." ಅವನು ಕಡತ ಮುಚ್ಚಿದ. "ಹೋಗಿದ್ರೆ ಹೋಗ್ತಿದ್ದೆ. ಅವಳಿಗೆ ನಾಲ್ಕು ತಿಂಗಳು ಮಾನವಾಗಿ ಸ್ನಾನ ಆಗ್ತಿತ್ತು."

ಆ ಕ್ಷಣದಲ್ಲಿ ನನಗೆ ತಡೆದುಕೊಳ್ಳಲು ಆಗಲಿಲ್ಲ. "ಟ್ರೆವರ್, ಬೆರಿಲ್..." ಅಂದೆ.

"ಅವಳ ಹೆಸರು ನಿನ್ನ ಬಾಯಲ್ಲಿ ಬೇಡ."

ಅವನು ಕಡತವನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲವರೆಗೆ ಹೋದ. ಅಲ್ಲಿ ನಿಂತು, ನನ್ನ ಕಡೆ ತಿರುಗದೆಯೇ ಹೇಳಿದ:

"ಅವಳು ನಿನ್ನ ಬೈಯಲೇ ಇಲ್ಲ, ಗೊತ್ತಾ? ಒಂದಿನಾನೂ ಬೈಯಲಿಲ್ಲ. ನಾನು ದಿನಾ ಬೈತಿದ್ದೆ, ಅವಳು ಕಣ್ಣು ಮುಚ್ಚಿಕೊಂಡು ಬಿಡೋಳು. ಇಡೀ ಊರನ್ನ ಬೈದವಳು. ಅದೊಂದು ನನಗೆ ಅರ್ಥ ಆಗ್ಲಿಲ್ಲ."

ಅವನು ಉತ್ತರಕ್ಕೆ ಕಾಯುತ್ತಿದ್ದನೋ ಏನೋ. ನನ್ನ ನಾಲಿಗೆಯ ತುದಿಯಲ್ಲೇ ಎಲ್ಲ ಇತ್ತು. ಹೇಳಿದರೆ ನಾನು ಹಗುರಾಗುತ್ತಿದ್ದೆ. ಅವನು ಅವಳನ್ನು ಇನ್ನೊಂದು ಸಲ, ಇನ್ನೊಂದು ರೀತಿಯಲ್ಲಿ ಕಳೆದುಕೊಳ್ಳುತ್ತಿದ್ದ. ಜಗಳವಾಡೋಣವೆಂದರೆ ಎದುರಿಗೆ ಅವಳೂ ಇಲ್ಲ.

"ಕೊನೆ ಕೊನೆಗೆ ಸುಸ್ತಾಗಿತ್ತೇನೋ," ಅಂದೆ.

"ಇರಬಹುದು," ಅಂದ. ಮೆಟ್ಟಿಲಿಳಿದು ಹೋದ. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ಇಳಿಯುವ ಸದ್ದು ಕೆಳಗಿನ ಬಾಗಿಲವರೆಗೂ ಕೇಳಿಸಿತು.

ಮೂರೂವರೆಗೆ ನದಿಯ ಹತ್ತಿರದ ಹಳೇ ಗಿರಣಿಯ ಕಿಟಕಿಗಳನ್ನು ನೋಡಲು ಬರುತ್ತೇನೆಂದು ಒಬ್ಬರಿಗೆ ಹೇಳಿದ್ದೆ. ಅಳತೆಪಟ್ಟಿ ಚೀಲಕ್ಕೆ ಹಾಕಿಕೊಂಡು ಹೊರಟೆ.